ಕಾಣದ ಓದುಗರಿಗೆ ಪುಟ ಕಟ್ಟುವ ಕಸುಬು

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ನನ್ನನ್ನು ಪರಿಚಯಿಸುವಾಗ ‘ಜಾಲತಾಣಗಳನ್ನು ಅಂದಗೊಳಿಸುವವರು’ ಎಂದರು. ಪ್ರೀತಿಯಿಂದ ಆಡಿದ ಮಾತೇ, ಆದರೂ ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಅಂದವೂ ನಮ್ಮ ಕೆಲಸದ ಭಾಗವೇ, ಆದರೆ ಅದರ ಸರದಿ ತಡವಾಗಿ ಬರುತ್ತದೆ. ಪುಟಕ್ಕೆ ಬಂದವರು ಏನನ್ನು ಅರಸಿ ಬಂದಿದ್ದಾರೆ, ಅದು ಸಿಗಲು ಅವರು ಎಷ್ಟು ತಡಕಾಡಬೇಕು ಎಂಬುದು ಮೊದಲು ಬಗೆಹರಿಯಬೇಕು.

ಮುದ್ರಣಕ್ಕಾಗಿ ವಿನ್ಯಾಸ ಮಾಡುವವರಿಗೆ ಒಂದು ಸುಖವಿದೆ. ಕಾಗದದ ಅಳತೆ ಮೊದಲೇ ಗೊತ್ತಿರುತ್ತದೆ, ಅಚ್ಚಾದ ಅಕ್ಷರ ಮತ್ತೆ ಅಲುಗುವುದಿಲ್ಲ. ನಮಗೆ ಆ ಭಾಗ್ಯವಿಲ್ಲ. ನಾವು ಕಟ್ಟಿದ ಪುಟವನ್ನು ಒಬ್ಬರು ಬಿಸಿಲಿನಲ್ಲಿ ನಿಂತು ಮೊಬೈಲಿನಲ್ಲಿ ನೋಡುತ್ತಾರೆ. ಇನ್ನೊಬ್ಬರು ಅಕ್ಷರಗಳನ್ನು ಎರಡು ಪಟ್ಟು ಹಿಗ್ಗಿಸಿಕೊಂಡು ಓದುತ್ತಾರೆ. ಮತ್ತೊಬ್ಬರು ನೋಡುವುದೇ ಇಲ್ಲ, ಪರದೆಯ ಬರಹವನ್ನು ದನಿಯಾಗಿಸುವ ಸ್ಕ್ರೀನ್ ರೀಡರ್ ತಂತ್ರಾಂಶ ಓದಿ ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾರೆ. ಇವರಲ್ಲಿ ಯಾರ ಮುಖವನ್ನೂ ನಾವು ಕಂಡಿರುವುದಿಲ್ಲ.

ತಮಾಷೆಯೆಂದರೆ, ವೆಬ್ ಹುಟ್ಟಿದಾಗ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಭೌತವಿಜ್ಞಾನ ಕೇಂದ್ರವಾದ ಸರ್ನ್ ಪ್ರಯೋಗಾಲಯದಲ್ಲಿ ಇದರ ಪ್ರಸ್ತಾವ ಬರೆದರು. 1991ರಲ್ಲಿ ಅದು ಹೊರಜಗತ್ತಿಗೆ ತಿಳಿಯಿತು. ಆಗಿನ ಪುಟದಲ್ಲಿ ಇದ್ದದ್ದು ಬರಹ ಮತ್ತು ಕೊಂಡಿಗಳು. ಇಷ್ಟೇ ಅಗಲವಿರಬೇಕು ಎಂದು ಯಾರೂ ಕಟ್ಟು ಹಾಕದ ಕಾರಣ ಎಂಥ ಪರದೆಗೂ ಅದು ಹೊಂದಿಕೊಳ್ಳುತ್ತಿತ್ತು. ಆಮೇಲೆ ಬಂದವರು ನಾವು, ವಿನ್ಯಾಸಕರು! ಲೆಕ್ಕಪತ್ರಕ್ಕೆಂದು ಇದ್ದ ಕೋಷ್ಟಕಗಳೊಳಗೆ ಇಡೀ ಪುಟವನ್ನು ತುರುಕಿ, ಕಣ್ಣಿಗೆ ಕಾಣದ ಚಿತ್ರಗಳನ್ನು ಊರುಗೋಲಿನಂತೆ ನಿಲ್ಲಿಸಿ, ಎಲ್ಲವನ್ನೂ ಬಿಗಿದೆವು. ಹೋಕೋನ್ ವಿಯುಮ್ ಲೀ 1994ರಲ್ಲಿ ಸೂಚಿಸಿದ, ಪುಟದ ಬಣ್ಣ, ಅಳತೆ, ಜೋಡಣೆಗಳನ್ನು ಹೇಳುವ ಸಿಎಸ್ಎಸ್ ಭಾಷೆ 1996ರಲ್ಲಿ ಮಾನಕವಾಗಿ, ಬರಹ ಬೇರೆ, ಅದರ ರೂಪ ಬೇರೆ ಎಂಬ ವಿವೇಕ ತಂದಿತು. 2010ರಲ್ಲಿ ಈಥನ್ ಮಾರ್ಕಾಟ್ ಪರದೆಗೆ ತಕ್ಕಂತೆ ಬಾಗುವ ವಿನ್ಯಾಸಕ್ಕೆ ‘ರೆಸ್ಪಾನ್ಸಿವ್’ ಎಂಬ ಹೆಸರು ಕೊಟ್ಟರು. ಮೊದಲ ಪುಟಕ್ಕೆ ಹುಟ್ಟಿನಿಂದಲೇ ಇದ್ದ ಗುಣವನ್ನು ಮರಳಿ ಪಡೆಯಲು ನಮಗೆ ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ವಿನ್ಯಾಸಕರು ಕೋಡ್ ಕಲಿಯಬೇಕೇ ಎಂದು ನಿಮ್ಮಲ್ಲಿ ಕೆಲವರು ಆಗಲೇ ಚೀಟಿ ಕಳಿಸಿದ್ದೀರಿ. ಕಲಿಯಬೇಕು. ಮರದ ಎಳೆ ಯಾವ ಕಡೆಗೆ ಓಡುತ್ತದೆ ಎಂದು ತಿಳಿಯದ ಬಡಗಿ ಕುರ್ಚಿಯ ಚಿತ್ರವನ್ನಷ್ಟೇ ಬರೆಯಬಲ್ಲ. ಎಚ್‌ಟಿಎಂಎಲ್ ಎಂಬ, ಪುಟದ ರಚನೆಯನ್ನು ಹೇಳುವ ಭಾಷೆಯನ್ನು ಸರಿಯಾಗಿ ಬರೆಯುವುದೆಂದರೆ ಶೀರ್ಷಿಕೆಯನ್ನು ಶೀರ್ಷಿಕೆಯೆಂದೂ ಬಟನ್ ಅನ್ನು ಬಟನ್ ಎಂದೂ ಬ್ರೌಸರ್‌ಗೆ ತಿಳಿಸುವುದು. ಬರಿಯ ಬಣ್ಣದ ಚೌಕವನ್ನು ಬಟನ್‌ನಂತೆ ತೋರಿಸಿದರೆ ಕಣ್ಣಿರುವವರು ಮೋಸಹೋಗಬಹುದು, ಸ್ಕ್ರೀನ್ ರೀಡರ್ ಮೋಸಹೋಗುವುದಿಲ್ಲ; ಅದು ಸುಮ್ಮನೆ ಮುಂದೆ ಸಾಗುತ್ತದೆ. ಸಿಎಸ್ಎಸ್ ಚೆನ್ನಾಗಿ ಬರಬೇಕು. ಒತ್ತಿದಾಗ ಪುಟ ಏನು ಮಾಡಬೇಕೆಂದು ಹೇಳುವ ಜಾವಾಸ್ಕ್ರಿಪ್ಟ್ ಓದಿ ಅರ್ಥಮಾಡಿಕೊಳ್ಳುವಷ್ಟಾದರೂ ಇರಲಿ.

ಅಕ್ಷರದ ಬಗ್ಗೆ ಸ್ವಲ್ಪ ನಿಲ್ಲುತ್ತೇನೆ, ಇದು ನನ್ನ ದೌರ್ಬಲ್ಯ. ರೋಮನ್ ಲಿಪಿಗೆಂದು ಇಟ್ಟ ಸಾಲಿನ ಅಂತರದಲ್ಲಿ ಕನ್ನಡವನ್ನು ಸುರಿದು ನೋಡಿ. ‘ಸ್ತ್ರೀ’ ಎಂದು ಬರೆದರೆ ಅದರ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಢಿಕ್ಕಿ ಹೊಡೆಯುತ್ತದೆ. ಫಾಂಟಿನಲ್ಲಿ ದಪ್ಪ ರೂಪವಿಲ್ಲದಿದ್ದಾಗ ಬ್ರೌಸರ್ ತಾನೇ ಗೆರೆಗಳನ್ನು ಉಬ್ಬಿಸುತ್ತದೆ. ನಮ್ಮ ದುಂಡಕ್ಷರಗಳ ಒಳಗಿನ ಬಯಲು ಮುಚ್ಚಿಹೋಗಿ ಮಸಿಯ ಚುಕ್ಕಿಗಳಂತೆ ಕಾಣುತ್ತವೆ. ಇದನ್ನು ಕಂಡುಹಿಡಿಯಲು ಯಾವ ತಂತ್ರಾಂಶವೂ ಬೇಡ, ನಿಧಾನವಾಗಿ ಓದುವ ಕಣ್ಣು ಸಾಕು.

ಬಣ್ಣದ ಪಾಠವನ್ನು ನಾನು ನಾಚಿಕೆಪಟ್ಟು ಕಲಿತೆ. ಆರಂಭದ ದಿನಗಳಲ್ಲಿ ಬಿಳಿ ಹಿನ್ನೆಲೆಯ ಮೇಲೆ ತಿಳಿಬೂದು ಅಕ್ಷರಗಳನ್ನಿಟ್ಟು, ನನ್ನ ಒಳ್ಳೆಯ ಪರದೆಯಲ್ಲಿ ನೋಡಿ ಹಿಗ್ಗಿದ್ದೆ. ಪರೀಕ್ಷೆಗೆ ಕರೆಸಿದ್ದ ಹಿರಿಯರೊಬ್ಬರು ಮೊಬೈಲನ್ನು ಆ ಕಡೆ ಈ ಕಡೆ ವಾಲಿಸಿ, ‘ಇಲ್ಲಿ ಏನಾದರೂ ಬರೆದಿದೆಯೇ?’ ಎಂದು ಕೇಳಿದರು. ಪುಟ ಎಲ್ಲರಿಗೂ ಎಟುಕಲೆಂದು ಇರುವ ವೆಬ್ ಸುಗಮತೆಯ ಮಾರ್ಗಸೂಚಿಯ ಎಎ ಎಂಬ ನಡುವಣ ಮಟ್ಟದಲ್ಲಿ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಆ ಅಂಕಿ ನನಗೆ ಗೊತ್ತಿತ್ತು. ಅಳೆದು ನೋಡಿರಲಿಲ್ಲ, ಅಷ್ಟೇ.

ಯಾರೂ ಹೇಳಿಕೊಡದ ಇನ್ನೊಂದು ಕೌಶಲವೆಂದರೆ ಬರವಣಿಗೆ. ಫಾರ್ಮ್ ತುಂಬುವಾಗ ‘ಅಮಾನ್ಯ ನಮೂದು’ ಎಂದು ಕೆಂಪಕ್ಷರದಲ್ಲಿ ಗದರಿಸುವ ಪುಟಕ್ಕೂ ‘ಮೊಬೈಲ್ ಸಂಖ್ಯೆಯಲ್ಲಿ ಒಂದು ಅಂಕಿ ಕಡಿಮೆ ಇದೆ’ ಎನ್ನುವ ಪುಟಕ್ಕೂ ಎಷ್ಟು ದೂರ! ವೇಗದ ಲೆಕ್ಕವೂ ನಮ್ಮದೇ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಬೇಕು ಎನ್ನುವುದು ಗೂಗಲ್ ಇಟ್ಟಿರುವ ಅಳತೆ. ಅದನ್ನು ಮೀರಿಸುವುದು ಎಷ್ಟೋ ಸಲ ನಾವೇ ಮೋಹದಿಂದ ಇಟ್ಟ ಭಾರೀ ಚಿತ್ರ.

ಇನ್ನು ಉದ್ಯೋಗದ ಮಾತು. ಒಂದೇ ಸಾಧನದ ಮೇಲೆ ಬದುಕು ಕಟ್ಟಬೇಡಿ. ಒಂದು ಕಾಲದಲ್ಲಿ ಪುಟದಲ್ಲಿ ಚಲಿಸುವ ಚಿತ್ರ ಮೂಡಿಸುವ ಫ್ಲಾಶ್ ತಂತ್ರಾಂಶ ಬಲ್ಲವರಿಗೆ ಎಲ್ಲಿಲ್ಲದ ಬೇಡಿಕೆಯಿತ್ತು. 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದಕ್ಕೆ ಬೆಂಬಲವನ್ನೇ ನಿಲ್ಲಿಸಿತು. ಇಂದು ಪುಟದ ವಿನ್ಯಾಸ ಬರೆಯುವ ಫಿಗ್ಮಾ ತಂತ್ರಾಂಶ ಕಲಿಯಿರಿ, ನಾಳೆ ಬೇರೆ ಬಂದರೆ ಅದನ್ನೂ ಕಲಿಯಿರಿ. ಕೃತಕ ಬುದ್ಧಿಮತ್ತೆ ಕ್ಷಣಾರ್ಧದಲ್ಲಿ ನೋಡಲು ಚೆಂದದ ಪುಟ ಕೊಡುತ್ತದೆ, ನಿಜ. ಆ ಹಿರಿಯರಿಗೆ ಅದು ಕಾಣಿಸುತ್ತದೆಯೇ ಎಂದು ಅವರ ಪಕ್ಕದಲ್ಲಿ ಕುಳಿತು ನೋಡುವ ಕೆಲಸ ಮಾತ್ರ ಇನ್ನೂ ನಮ್ಮ ಪಾಲಿಗಿದೆ.

ಕೆಲಸ ಕೇಳಲು ಬರುವವರು ಇಪ್ಪತ್ತು ಸುಂದರ ಚಿತ್ರಗಳನ್ನು ತೋರಿಸುತ್ತಾರೆ. ನನಗೆ ಮೂರು ಸಾಕು. ಆದರೆ ಮೊದಲು ಏನು ಮಾಡಿದಿರಿ, ಏಕೆ ಬದಲಿಸಿದಿರಿ, ಯಾವುದನ್ನು ಕೈಬಿಟ್ಟಿರಿ ಎಂಬ ಕಥೆ ಜೊತೆಗಿರಲಿ. ಸ್ವತಂತ್ರವಾಗಿ ದುಡಿಯುವವರಿಗೆ ಒಂದೇ ಕಿವಿಮಾತು: ಎಷ್ಟು ಬಾರಿ ತಿದ್ದಿಕೊಡುತ್ತೀರಿ ಎಂಬುದನ್ನು ಕೆಲಸ ಶುರುವಾಗುವ ಮುನ್ನ ಬರಹದಲ್ಲಿ ಹಾಕಿಸಿ. ‘ಇನ್ನೊಂದು ಚಿಕ್ಕ ಬದಲಾವಣೆ’ ಎಂಬುದಕ್ಕೆ ಕೊನೆಯೇ ಇಲ್ಲ.

ಈಗ ನಿಮ್ಮ ಮುಂದಿರುವ ಕಂಪ್ಯೂಟರಿನಲ್ಲಿ ನಿಮಗಿಷ್ಟವಾದ ಯಾವುದಾದರೂ ಜಾಲತಾಣ ತೆರೆಯಿರಿ. ಮೌಸನ್ನು ಪಕ್ಕಕ್ಕಿಡಿ. ಟ್ಯಾಬ್ ಕೀಲಿಯೊಂದನ್ನೇ ಒತ್ತುತ್ತಾ ಹೋಗಿ, ನೀವು ಪುಟದ ಯಾವ ಜಾಗದಲ್ಲಿದ್ದೀರಿ ಎಂಬುದು ಎಲ್ಲಿಯವರೆಗೆ ತಿಳಿಯುತ್ತದೆ ನೋಡಿ. ಹತ್ತು ನಿಮಿಷ ಕೊಡುತ್ತೇನೆ. ದಾರಿ ತಪ್ಪಿದವರು ಕೈ ಎತ್ತಿ, ಅಲ್ಲಿಂದಲೇ ಪ್ರಶ್ನೋತ್ತರ ಶುರುಮಾಡೋಣ.