ಒಂದೇ ಬಳ್ಳಿ, ಎರಡು ಮನೆತನ

ಕೇಳುಗ ಬಂಧುಗಳಿಗೆ ಶರಣು.

ಅಕ್ಟೋಬರ್ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿದು ಬಳ್ಳಿ ಚಿಗುರಿದರೆ ಸಾಕು, ವಿಜಯಪುರ ಜಿಲ್ಲೆಯ ದ್ರಾಕ್ಷಿ ಪಡಗಳಲ್ಲಿ ಎರಡು ಹೆಸರು ಕಿವಿಗೆ ಬೀಳುತ್ತವೆ: ಡೌನಿ, ಬೂದಿ. ಎರಡೂ ಎಲೆಗೆ ಬೆಳ್ಳಗೆ ಹತ್ತುವ ರೋಗಗಳು. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತಿದ್ದ ನಾನೂ ಬಹಳ ವರ್ಷ ಎರಡನ್ನೂ ಶಿಲೀಂಧ್ರ ಎಂದೇ ಕಲಿಸಿದೆ. ಆಗಿನ ಪುಸ್ತಕಗಳಲ್ಲಿ ಹಾಗೇ ಇತ್ತು.

ಬೂದಿ ರೋಗ ತರುವುದು ನಿಜವಾದ ಶಿಲೀಂಧ್ರ. ಡೌನಿ ತರುವುದು ಶಿಲೀಂಧ್ರವೇ ಅಲ್ಲ. ಅದರ ದಾಯಾದಿಗಳು ಸಮುದ್ರದ ಕಂದು ಪಾಚಿ ಮತ್ತು ಡಯಾಟಮ್ ಎಂಬ ಒಂದೇ ಕೋಶದ ಪಾಚಿಗಳು. ದೂರದ ನಂಟು ಹುಡುಕುತ್ತ ಹೋದರೆ ಮಲೇರಿಯಾ ಜೀವಿಯೂ ಸಿಗುತ್ತದೆ. ಬೂದಿಯ ಶಿಲೀಂಧ್ರವಾದರೋ ಡೌನಿಗಿಂತ, ದ್ರಾಕ್ಷಿ ಬಳ್ಳಿಗಿಂತ, ನಿಮಗೂ ನನಗೂ ಹತ್ತಿರದ್ದು!

ಎತ್ತು, ಬೇವು, ಅಣಬೆ, ನಾವು, ಎಲ್ಲರದೂ ನ್ಯೂಕ್ಲಿಯಸ್ ಇರುವ ಜೀವಕೋಶವೇ. ಈ ದೊಡ್ಡ ಬಳಗವನ್ನು ಪಾಲು ಮಾಡುವಾಗ ಹಿಂದಿನವರು ಮೈಕಟ್ಟು ನೋಡಿದರು, ಉಣ್ಣುವ ರೀತಿ ನೋಡಿದರು. 1969ರಲ್ಲಿ ವಿಜ್ಞಾನಿ ವಿಟ್ಟೇಕರ್ ಐದು ಸಾಮ್ರಾಜ್ಯಗಳ ವಿಂಗಡಣೆ ಕೊಟ್ಟದ್ದು ಹಾಗೆಯೇ. ಡೌನಿಯೂ ನೂಲಿನಂತೆ ಹಬ್ಬುತ್ತದೆ, ಎಲೆಯ ಸಾರ ಹೀರುತ್ತದೆ. ಶಿಲೀಂಧ್ರವೆಂದು ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಮುಂದೆ ಜೀನುಗಳನ್ನು ಹೋಲಿಸಿ ನೋಡಿದಾಗ ಸಂಬಂಧಗಳು ತಿರುವುಮುರುವಾದವು.

ನನಗೆ ಬಹಳ ಇಷ್ಟವಾದ ಸಾಕ್ಷಿ ಬಾಲದ್ದು. ನೀರಿನಲ್ಲಿ ಬಾಳುವ ಕೆಲವು ಶಿಲೀಂಧ್ರಗಳ ಬೀಜಾಣು ಒಂದೇ ಬಾಲವನ್ನು ಹಿಂದೆ ಬಡಿಯುತ್ತ ಈಜುತ್ತದೆ, ಥೇಟ್ ಮನುಷ್ಯನ ವೀರ್ಯಾಣುವಿನಂತೆ. ಡೌನಿಯ ಬೀಜಾಣುವಿಗೆ ಎರಡು ಬಾಲ, ಒಂದರ ಮೇಲೆ ಸಣ್ಣ ಸಣ್ಣ ರೋಮ. ಕಂದು ಪಾಚಿಯದೂ ಹಾಗೆಯೇ. ಗೋಡೆ ನೋಡಿ: ಶಿಲೀಂಧ್ರದ ಕೋಶಕ್ಕೆ ಏಡಿಯ ಚಿಪ್ಪಿನಲ್ಲಿರುವ ಕೈಟಿನ್, ಡೌನಿಯ ಕೋಶಕ್ಕೆ ಗಿಡಗಳಲ್ಲಿರುವಂಥ ಸೆಲ್ಯುಲೋಸ್.

ಇದು ಬರೀ ಪಾಠದ ಮಾತಲ್ಲ, ರೈತನ ದುಡ್ಡಿನ ಮಾತು. ಶಿಲೀಂಧ್ರ ತನ್ನ ಕೋಶದ ಪೊರೆಗೆಂದು ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತು ತಯಾರಿಸಿಕೊಳ್ಳುತ್ತದೆ. ಬೂದಿಗೆ ಹೊಡೆಯುವ ಹೆಕ್ಸಾಕೊನಜೋಲ್ ಔಷಧಿ ಆ ತಯಾರಿಯನ್ನೇ ನಿಲ್ಲಿಸುತ್ತದೆ. ಡೌನಿ ಅದನ್ನು ತಯಾರಿಸುವುದೇ ಇಲ್ಲವಲ್ಲ, ಔಷಧಿ ನಿಲ್ಲಿಸುವುದು ಏನನ್ನು? ಡೌನಿಯ ಕಡೆಯವರಿಗೆಂದೇ ಬಂದ ಔಷಧಿ ಮೆಟಲಾಕ್ಸಿಲ್. ಅದು ಬೂದಿಯನ್ನು ಮುಟ್ಟುವುದಿಲ್ಲ. ನಮ್ಮ ಸಜ್ಜಿ ತೆನೆ ಕಾಳು ಕಟ್ಟದೆ ಹಸಿರು ಎಲೆಯಂತೆ ಕೆದರಿಕೊಳ್ಳುವ ರೋಗವೂ ಡೌನಿ ಬಳಗದ್ದೇ. ಮಲೆನಾಡಿನ ಅಡಿಕೆ ಕೊಳೆಯೂ ಅದೇ.

ಆ ಎರಡು ಬಾಲದ ಬೀಜಾಣುವಿಗೆ ಈಜಲು ನೀರು ಬೇಕು, ಎಲೆಯ ಮೇಲಿನ ಇಬ್ಬನಿಯಷ್ಟಾದರೂ ಸರಿ. ಬೂದಿಗೆ ನಿಂತ ನೀರು ಬೇಡ. ನಾಳೆ ಬೆಳಿಗ್ಗೆ ಪಡಕ್ಕೆ ಹೋದಾಗ ಒಂದು ಎಲೆ ತಿರುವಿ ನೋಡಿರಿ. ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅದರ ಕೆಳಗೇ ಹತ್ತಿಯಂಥ ಬಿಳುಪು ಇದ್ದರೆ ಅದು ಡೌನಿ. ಬೆರಳಿಂದ ಒರೆಸಿದರೆ ಬೂದಿ ಬಳಿದುಬಂದರೆ ಅದು ನಮ್ಮ ಕಡೆಯ ನಂಟ.

ನಮಸ್ಕಾರ.