ದಾಂಪತ್ಯ ಒಂದು, ಸಾಲದ ವರದಿ ಎರಡು

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆಯಾದ ಮೇಲೆ ಗಂಡ ಹೆಂಡತಿಯ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸಿದ ರೀತಿಗೆ ಸಿಗುವ ಅಂಕ ಕೂಡ ಒಂದೇ ಆಗಿಬಿಡುತ್ತದೆ ಎಂದು ನಂಬಿರುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಪತಿ ಸುಸ್ತಿದಾರನಾದರೆ ಪತ್ನಿಗೆ ಇನ್ನು ಬ್ಯಾಂಕಿನ ಬಾಗಿಲು ಮುಚ್ಚಿದಂತೆಯೇ ಎಂದು ಹೆದರುವವರು ಒಂದು ಕಡೆಯಾದರೆ, ಯಜಮಾನರ ವ್ಯವಹಾರ ಚೊಕ್ಕವಾಗಿರುವುದರಿಂದ ತಮ್ಮದೂ ಚೊಕ್ಕವಾಗಿಯೇ ಇರುತ್ತದೆ ಎಂದು ನೆಮ್ಮದಿಯಿಂದಿರುವವರು ಇನ್ನೊಂದು ಕಡೆ. ಈ ಹೆದರಿಕೆಗೂ ಈ ನೆಮ್ಮದಿಗೂ ಆಧಾರವಿಲ್ಲ. ಸಾಲದ ದಾಖಲೆಯಲ್ಲಿ ಇಬ್ಬರನ್ನು ಜೋಡಿಸುವುದು ತಾಳಿಯಲ್ಲ, ಸಾಲದ ಪತ್ರಕ್ಕೆ ಹಾಕಿದ ಸಹಿ.

ನಮ್ಮ ದೇಶದಲ್ಲಿ 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯ ಅಡಿಯಲ್ಲಿ ರಿಸರ್ವ್ ಬ್ಯಾಂಕಿನ ಪರವಾನಗಿ ಪಡೆದ ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಕ್ರಿಫ್ ಹೈ ಮಾರ್ಕ್ ಎಂಬ ನಾಲ್ಕು ಸಂಸ್ಥೆಗಳು ಈ ದಾಖಲೆಗಳನ್ನು ಇಡುತ್ತವೆ. ಬ್ಯಾಂಕುಗಳು, ಹಣಕಾಸು ಕಂಪನಿಗಳು ತಮ್ಮ ಗ್ರಾಹಕರ ಸಾಲದ ವಿವರವನ್ನು ಮುಖ್ಯವಾಗಿ ಪ್ಯಾನ್ ಸಂಖ್ಯೆಯ ಆಧಾರದ ಮೇಲೆ ಈ ಸಂಸ್ಥೆಗಳಿಗೆ ಕಳುಹಿಸುತ್ತವೆ. ಹಿಂದೆ ತಿಂಗಳಿಗೊಮ್ಮೆ ಹೋಗುತ್ತಿದ್ದ ಈ ವಿವರ 2025ರ ಜನವರಿಯಿಂದ ಹದಿನೈದು ದಿನಕ್ಕೊಮ್ಮೆಯಾದರೂ ಹೋಗಬೇಕೆಂಬ ನಿಯಮ ಬಂತು. 300ರಿಂದ 900ರವರೆಗಿನ ಅಂಕ ಹುಟ್ಟುವುದು ಈ ವಿವರದಿಂದಲೇ. ನಿಮ್ಮ ಸಂಗಾತಿ ಯಾರು, ಅವರ ಸಂಬಳವೆಷ್ಟು, ಅವರ ಅಂಕವೆಷ್ಟು ಎಂಬುದು ನಿಮ್ಮ ಅಂಕದ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆಯೇ ಜಂಟಿ ಉಳಿತಾಯ ಖಾತೆಯೂ ಬರುವುದಿಲ್ಲ. ಅದರಲ್ಲಿ ಎಷ್ಟು ಹಣವಿದೆ, ಎಷ್ಟು ಠೇವಣಿ ಇದೆ ಎಂಬುದು ಸಾಲದ ವರದಿಯಲ್ಲಿ ಕಾಣುವುದಿಲ್ಲ. ಆದರೆ ಅದೇ ಖಾತೆಯಿಂದ ಒಬ್ಬರ ಸಾಲದ ಕಂತು ಕಡಿತವಾಗುತ್ತಿದ್ದು, ಇನ್ನೊಬ್ಬರು ತಿಳಿಯದೆ ಹಿಂದಿನ ದಿನ ಮನೆ ಖರ್ಚಿಗೆ ಹಣ ತೆಗೆದುಬಿಟ್ಟರೆ ಕಂತು ಬೌನ್ಸ್ ಆಗುತ್ತದೆ. ತೆಗೆದವರು ಯಾರೇ ಆಗಲಿ, ವಿಳಂಬದ ಗುರುತು ಬೀಳುವುದು ಸಾಲ ಯಾರ ಹೆಸರಿನಲ್ಲಿದೆಯೋ ಅವರ ವರದಿಯ ಮೇಲೆ.

ಗೃಹಸಾಲಕ್ಕೆ ಬಂದಾಗ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. ನಿವೇಶನವೋ ಫ್ಲ್ಯಾಟೋ ಇಬ್ಬರ ಹೆಸರಿನಲ್ಲಿದ್ದರೆ ಬ್ಯಾಂಕು ಸಾಮಾನ್ಯವಾಗಿ ಇಬ್ಬರನ್ನೂ ಸಾಲಗಾರರನ್ನಾಗಿ ಸೇರಿಸಿಕೊಳ್ಳುತ್ತದೆ. ಇಬ್ಬರ ಆದಾಯ ಕೂಡಿಸಿದರೆ ಹೆಚ್ಚು ಸಾಲ ಸಿಗುತ್ತದೆ ಎಂಬುದು ನಿಜ. ಹಳೆಯ ಆದಾಯ ತೆರಿಗೆ ಪದ್ಧತಿಯಲ್ಲಿರುವ ದಂಪತಿ ಇಬ್ಬರೂ ಮನೆಯ ಒಡೆಯರಾಗಿದ್ದು, ಇಬ್ಬರೂ ಸಾಲ ತೀರಿಸುತ್ತಿದ್ದರೆ ತಾವು ವಾಸಿಸುವ ಆ ಮನೆಯ ಸಾಲದ ಬಡ್ಡಿಯಲ್ಲಿ ತಲಾ 2 ಲಕ್ಷ ರೂಪಾಯಿವರೆಗೆ ತೆರಿಗೆ ಲೆಕ್ಕದ ಆದಾಯದಿಂದ ಕಳೆದುಕೊಳ್ಳಬಹುದು ಎಂಬುದೂ ನಿಜ. ಆದರೆ 40 ಲಕ್ಷ ರೂಪಾಯಿ ಸಾಲ ಪಡೆದ ದಂಪತಿ ತಮ್ಮ ಮನಸ್ಸಿನಲ್ಲಿ ಅದನ್ನು ತಲಾ 20 ಲಕ್ಷವೆಂದು ಹಂಚಿಕೊಂಡಿದ್ದರೂ, ವರದಿಯಲ್ಲಿ ಅದು ಪತಿಯ ಹೆಸರಿನಲ್ಲೂ 40 ಲಕ್ಷ, ಪತ್ನಿಯ ಹೆಸರಿನಲ್ಲೂ 40 ಲಕ್ಷ. ನಾಲ್ಕು ವರ್ಷದ ನಂತರ ಪತ್ನಿ ತನ್ನದೇ ಹೊಲಿಗೆ ಘಟಕಕ್ಕೋ ಮಗಳ ಓದಿಗೋ ಸಾಲ ಕೇಳಲು ಹೋದಾಗ ಆ ಇಡೀ ಹೊರೆಯನ್ನು ಬ್ಯಾಂಕು ಆಕೆಯ ಮೇಲಿಟ್ಟು ನೋಡಬಹುದು. 1872ರ ಭಾರತೀಯ ಕರಾರು ಕಾಯ್ದೆಯ 43ನೆಯ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಜಂಟಿಯಾಗಿ ಮಾತು ಕೊಟ್ಟವರಲ್ಲಿ ಯಾರೊಬ್ಬರಿಂದ ಬೇಕಾದರೂ ಪೂರ್ತಿ ಬಾಕಿಯನ್ನು ಕೇಳುವ ಹಕ್ಕು ಸಾಲ ಕೊಟ್ಟವರಿಗೆ ಇದೆ.

ಸಿಬಿಲ್ ವರದಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತಿರುತ್ತದೆ: ಪ್ರತಿಯೊಂದು ಸಾಲದ ಕೆಳಗೆ ತಿಂಗಳುಗಳ ಸಾಲೊಂದು ಇರುತ್ತದೆ. ಕಂತು ಸರಿಯಾಗಿ ಸಂದಾಯವಾದ ತಿಂಗಳಿನಲ್ಲಿ ಮೂರು ಸೊನ್ನೆಗಳು, ತಡವಾದ ತಿಂಗಳಿನಲ್ಲಿ ತಡವಾದ ದಿನಗಳ ಸಂಖ್ಯೆ, ಅಂದರೆ 030, 060 ಎಂಬಂತೆ. ಜಂಟಿ ಸಾಲದಲ್ಲಿ ಪತಿಯ ಖಾತೆಯಿಂದ ಕಂತು ತಪ್ಪಿದರೆ ಈ 030 ಪತ್ನಿಯ ವರದಿಯಲ್ಲೂ ಹಾಗೆಯೇ ಮೂಡುತ್ತದೆ. ಆಕೆಗೆ ಅದರ ಸುಳಿವೇ ಇರುವುದಿಲ್ಲ, ಏಕೆಂದರೆ ಅರ್ಜಿಯಲ್ಲಿ ಇಬ್ಬರಿಗೂ ಪತಿಯ ಮೊಬೈಲ್ ಸಂಖ್ಯೆಯನ್ನೇ ಬರೆದಿರುತ್ತಾರೆ, ಬ್ಯಾಂಕಿನ ಸಂದೇಶಗಳೆಲ್ಲ ಅಲ್ಲಿಗೇ ಹೋಗುತ್ತವೆ.

ನನ್ನನ್ನು ಬಹಳ ಕಾಡುವ ಸಂಗತಿ ಇದು. ಸಾಲ ಮಂಜೂರಾಗುವ ದಿನ ದಪ್ಪನೆಯ ಕಾಗದದ ಕಟ್ಟಿನಲ್ಲಿ ಸಹಿ ಬೀಳಬೇಕಾದ ಕಡೆಯಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿರುತ್ತಾರೆ. ಹಾಳೆ ತಿರುವಿದಂತೆಲ್ಲ ಹೆಣ್ಣುಮಗಳು ಗುರುತಿದ್ದ ಜಾಗದಲ್ಲಿ ಸಹಿ ಮಾಡುತ್ತಾ ಹೋಗುತ್ತಾಳೆ. ತಾನು ಸಹ ಸಾಲಗಾರಳೋ, ಜಾಮೀನುದಾರಳೋ ಎಂದು ಆಕೆ ಕೇಳುವುದೂ ಇಲ್ಲ, ಹೇಳುವವರೂ ಇಲ್ಲ. ಜಾಮೀನು ಎಂದರೆ ಬರೀ ಸಾಕ್ಷಿ ಹಾಕಿದಂತೆ ಎಂಬ ಭಾವನೆ ಈಗಲೂ ಇದೆ. ಕರಾರು ಕಾಯ್ದೆಯ 128ನೆಯ ಕಲಮು ಬೇರೆಯೇ ಹೇಳುತ್ತದೆ: ಒಪ್ಪಂದದಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಜಾಮೀನುದಾರರ ಹೊಣೆ ಮೂಲ ಸಾಲಗಾರರ ಹೊಣೆಯಷ್ಟೇ ವಿಸ್ತಾರವಾದದ್ದು. ವರದಿಯಲ್ಲೂ ಆ ಸಾಲ ಜಾಮೀನುದಾರರ ಹೆಸರಿನ ಕೆಳಗೆ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ತದ್ವಿರುದ್ಧವಾದ ಅನ್ಯಾಯವೂ ಒಂದಿದೆ. ಬಿತ್ತನೆಗೆ, ಆಸ್ಪತ್ರೆಗೆ, ಮಕ್ಕಳ ಶುಲ್ಕಕ್ಕೆ ಹಣ ಬೇಕಾದಾಗ ಬಳೆ, ಸರ ಗಿರವಿ ಇಟ್ಟು ಸಾಲ ತರುವುದು ನಮ್ಮ ಮನೆಗಳಲ್ಲಿ ಮಾಮೂಲು. ಒಡವೆ ಹೆಂಡತಿಯದು, ಬಹಳ ಸಲ ಆಕೆ ತವರಿನಿಂದ ತಂದದ್ದು. ಬಡ್ಡಿಗೆ ದುಡ್ಡು ಹೊಂದಿಸುವವಳೂ ಆಕೆಯೇ. ಆದರೆ ಚಿನ್ನದ ಸಾಲ ಪತಿಯ ಹೆಸರಿನಲ್ಲಿ ಇರುವುದರಿಂದ ಸಕಾಲದಲ್ಲಿ ಬಿಡಿಸಿಕೊಂಡ ಒಳ್ಳೆಯ ಹೆಸರು ಪೂರ್ತಿಯಾಗಿ ಆತನ ವರದಿಗೆ ಸೇರುತ್ತದೆ. ಅದೇ ರೀತಿ ಪತಿಯ ಕ್ರೆಡಿಟ್ ಕಾರ್ಡಿನ ಜೊತೆ ಪಡೆದ ಹೆಚ್ಚುವರಿ ಕಾರ್ಡಿನಿಂದ ಪತ್ನಿ ಎಷ್ಟೇ ಶಿಸ್ತಿನಿಂದ ಖರ್ಚು ಮಾಡಿದರೂ ಬಿಲ್ಲಿನ ಹೊಣೆ ಮುಖ್ಯ ಕಾರ್ಡುದಾರರದೇ ಆಗಿರುವುದರಿಂದ ಆಕೆಯ ಸ್ವಂತ ಇತಿಹಾಸ ಬೆಳೆಯಲು ಅದು ದೊಡ್ಡ ನೆರವಾಗುವುದಿಲ್ಲ. ಇಪ್ಪತ್ತು ವರ್ಷ ಸಂಸಾರದ ಹಣವನ್ನು ಪೈಸೆ ಪೈಸೆಯಾಗಿ ತೂಗಿದ ಹೆಣ್ಣುಮಗಳಿಗೆ ಒಂದು ದಿನ ಬ್ಯಾಂಕಿನಲ್ಲಿ "ನಿಮಗೆ ಸಾಲದ ಇತಿಹಾಸವೇ ಇಲ್ಲವಲ್ಲ" ಎಂಬ ಉತ್ತರ ಸಿಗುತ್ತದೆ. ಮೊದಲ ಬಾರಿ ಸಾಲ ಕೇಳುವವರನ್ನು ಇತಿಹಾಸವಿಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ ತಿಳಿಸಿದೆ. ಆದರೂ ಆಕೆಯ ಒಡವೆಯ ಮೇಲಿನ ಸಾಲ ಆಕೆಯ ಹೆಸರಿನಲ್ಲೇ ಇದ್ದಿದ್ದರೆ ಈ ಮಾತೇ ಬರುತ್ತಿರಲಿಲ್ಲ.

ಸಂಗಾತಿಯ ಸಾಲವನ್ನು ಸಹಿ ಇಲ್ಲದೆಯೂ ಲೆಕ್ಕಕ್ಕೆ ತೆಗೆದುಕೊಳ್ಳುವ ಕ್ಷೇತ್ರವೊಂದಿದೆ, ಅದು ಮೈಕ್ರೋಫೈನಾನ್ಸ್. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಪತಿ, ಪತ್ನಿ ಮತ್ತು ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಅಂಥ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಆ ಕುಟುಂಬದ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ಆದಾಯದ ಶೇ. 50ನ್ನು ಮೀರಬಾರದು. ಹಾಗಾಗಿ ಪತಿ ಬೈಕಿಗೆಂದು ತೆಗೆದ ಸಾಲ, ಸಂಘದ ಮೂಲಕ ಪತ್ನಿ ಕೇಳುವ ಸಾಲದ ಮೊತ್ತವನ್ನು ಕಡಿಮೆ ಮಾಡಬಹುದು. ಆಕೆಯ ಅಂಕ ಅದರಿಂದ ಇಳಿಯುವುದಿಲ್ಲ, ಅರ್ಹತೆ ಇಳಿಯುತ್ತದೆ.

ಮದುವೆಯ ನಂತರ ಹೆಸರು ಅಥವಾ ಇನಿಷಿಯಲ್ ಬದಲಾಯಿಸಿಕೊಂಡವರು ಒಂದು ಎಚ್ಚರಿಕೆ ವಹಿಸಬೇಕು. ಪ್ಯಾನ್ ಕಾರ್ಡಿನಲ್ಲಿ ಹೆಸರು ತಿದ್ದಿಸಿದರೂ ಸಂಖ್ಯೆ ಹಳೆಯದೇ ಇರುತ್ತದೆ, ಹೊಸ ಪ್ಯಾನ್ ಮಾಡಿಸಬಾರದು. ಆಧಾರ್, ಪ್ಯಾನ್ ಮತ್ತು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮೂರು ಬಗೆಯ ಹೆಸರುಗಳಿದ್ದರೆ ಮದುವೆಗೆ ಮುಂಚೆ ಚೊಕ್ಕವಾಗಿ ತೀರಿಸಿದ ಸಾಲ ಬೇರೆ ಕಡತದಲ್ಲೇ ಉಳಿದುಬಿಡುವ ಸಂಭವವಿದೆ.

ಇನ್ನು ವಿಚ್ಛೇದನದ ಮಾತು. ಮನೆಯ ಸಾಲವನ್ನು ಪತಿಯೇ ತೀರಿಸತಕ್ಕದ್ದು ಎಂದು ಕುಟುಂಬ ನ್ಯಾಯಾಲಯದಲ್ಲಿ ತೀರ್ಮಾನವಾದರೂ, ಅದು ದಂಪತಿಯ ನಡುವಿನ ತೀರ್ಮಾನ. ಬ್ಯಾಂಕಿನೊಡನೆ ಮಾಡಿಕೊಂಡ ಕರಾರು ಅದರಿಂದ ತಾನಾಗಿ ಬದಲಾಗುವುದಿಲ್ಲ. ಬ್ಯಾಂಕು ಒಪ್ಪಿ ಪತ್ನಿಯ ಹೆಸರನ್ನು ಬರವಣಿಗೆಯಲ್ಲಿ ಬಿಡುಗಡೆ ಮಾಡಬೇಕು, ಇಲ್ಲವೇ ಪತಿ ತನ್ನೊಬ್ಬನ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ಮುಚ್ಚಬೇಕು. ಅಲ್ಲಿಯವರೆಗೆ ಆತ ತಪ್ಪಿಸಿದ ಪ್ರತಿ ಕಂತೂ ಬೇರೆ ಮನೆಯಲ್ಲಿರುವ ಆಕೆಯ ವರದಿಗೆ ಬಂದು ಕೂರುತ್ತದೆ. ಬೇಸತ್ತು ಒಂದಿಷ್ಟು ಕಟ್ಟಿ ರಾಜಿ ಮಾಡಿಕೊಂಡರೆ ಸಾಲ ಮುಗಿಯುತ್ತದೆ, ಆದರೆ "ಸೆಟಲ್ಡ್" ಎಂಬ ನಮೂದು ಬಹುಕಾಲ ಉಳಿಯುತ್ತದೆ. ಸಂಗಾತಿ ತೀರಿಕೊಂಡಾಗಲೂ ಇದೇ ಭೇದ ಮುಖ್ಯವಾಗುತ್ತದೆ: ಸಹಿ ಹಾಕದ ಪತ್ನಿ ಕೇವಲ ವಾರಸುದಾರಳಾಗಿದ್ದರೆ ಪತಿಯಿಂದ ತನಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ ಆಕೆಯ ಹೊಣೆ, ಸಹ ಸಾಲಗಾರಳಾಗಿದ್ದರೆ ಇಡೀ ಸಾಲ ಆಕೆಯದೇ. ಗೃಹಸಾಲಕ್ಕೆ ವಿಮೆ ಮಾಡಿಸುವಾಗ ಒಬ್ಬರ ಹೆಸರಿಗೆ ಮಾತ್ರ ಮಾಡಿಸಿ ಸುಮ್ಮನಾಗಬಾರದು ಎನ್ನುವುದು ಈ ಕಾರಣಕ್ಕೆ.

ಸಾಲದ ದಾಖಲೆ ಇಡುವ ಆ ನಾಲ್ಕೂ ಸಂಸ್ಥೆಗಳಿಂದ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ಪತಿ ತನ್ನದನ್ನು, ಪತ್ನಿ ತನ್ನದನ್ನು ತರಿಸಿಕೊಂಡು, ಪ್ರತಿ ಸಾಲದ ಪಕ್ಕದಲ್ಲಿ ಒಂಟಿ, ಜಂಟಿ ಅಥವಾ ಜಾಮೀನು ಎಂದು ಏನು ನಮೂದಾಗಿದೆ ಎಂಬುದನ್ನು ಇಬ್ಬರೂ ಕೂತು ಓದುವುದು ಒಳ್ಳೆಯದು. ತಪ್ಪು ಕಂಡರೆ ಆ ಸಂಸ್ಥೆಗೋ ಬ್ಯಾಂಕಿಗೋ ದೂರು ಕೊಡಿ. 30 ದಿನಗಳೊಳಗೆ ದೂರು ಬಗೆಹರಿಯದಿದ್ದರೆ, 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. ಅದಕ್ಕೂ ಜಗ್ಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಯಾದ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಬಳಿಗೆ ಶುಲ್ಕವಿಲ್ಲದೆ ಹೋಗಬಹುದು.

ನಮಸ್ಕಾರ.