ಹುಣ್ಣಿನ ಮೈಯ ದೇವರು

ಮಿತ್ರರೆ,

ಫ್ರಾನ್ಸಿನ ಆಲ್ಸಾಸ್ ಸೀಮೆಯಲ್ಲಿ ಕೋಲ್ಮಾರ್ ಎಂಬ ಊರಿದೆ. ಅಲ್ಲಿಯ ಉಂಟರ್ಲಿಂಡೆನ್ ವಸ್ತುಸಂಗ್ರಹಾಲಯದಲ್ಲಿ ಬಲಿಪೀಠದ ಒಂದು ದೊಡ್ಡ ಚಿತ್ರಮಾಲೆ ಇದೆ. ಅದನ್ನೇ ಮುಂದಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಮಥಿಯಾಸ್ ಗ್ರೂನೆವಾಲ್ಡ್ ಎಂಬ ಜರ್ಮನ್ ಕಲಾವಿದ ಇದನ್ನು 1512ರಿಂದ 1516ರ ಅವಧಿಯಲ್ಲಿ ಬರೆದ. ಬರೆದದ್ದು ಅರಮನೆಗಲ್ಲ. ಹತ್ತಿರದ ಇಸೆನ್‌ಹೈಮ್ ಎಂಬಲ್ಲಿ ಸಂತ ಅಂತೋನಿಯ ಹೆಸರಿನ ಸನ್ಯಾಸಿಗಳು ಮಠ ಕಟ್ಟಿಕೊಂಡು ರೋಗಿಗಳ ಆರೈಕೆ ಮಾಡುತ್ತಿದ್ದರು. ಅವರಿಗಾಗಿ ಬರೆದದ್ದು. ನಮ್ಮವರು ಡೋರನಹಳ್ಳಿಗೆ ಹರಕೆ ಹೊತ್ತು ಹೋಗುತ್ತಾರಲ್ಲ, ಆ ಪಾದುವಾದ ಅಂತೋನಿ ಇವರಲ್ಲ. ಅವರಿಗಿಂತ ಎಂಟು ಶತಮಾನಕ್ಕೂ ಹಿಂದಿನ, ಈಜಿಪ್ಟಿನ ಮರಳುಗಾಡಿನ ತಪಸ್ವಿ.

ಅಲ್ಲಿಗೆ ಬರುತ್ತಿದ್ದ ರೋಗಿಗಳು ಎಂಥವರು? ರೈ ಎಂಬ ಧಾನ್ಯದ ತೆನೆಗೆ ಎರ್ಗಾಟ್ ಎಂಬ ಶಿಲೀಂಧ್ರ ಹಿಡಿಯುತ್ತದೆ. ಆ ಕಾಳು ಹಿಟ್ಟಿನಲ್ಲಿ ಬೆರೆತು ಹೊಟ್ಟೆಗೆ ಹೋಗುತ್ತಾ ಇದ್ದರೆ ರಕ್ತನಾಳ ಬಿಗಿದುಕೊಳ್ಳುತ್ತದೆ. ಕೈಕಾಲು ಬೆಂಕಿ ಇಟ್ಟ ಹಾಗೆ ಉರಿಯುತ್ತದೆ, ಕಪ್ಪಾಗುತ್ತದೆ, ಕೊಳೆಯುತ್ತದೆ, ಕಡೆಗೆ ಕಳಚಿಯೇ ಬೀಳುತ್ತದೆ. ಕೆಲವರಿಗೆ ಸೆಳೆತ, ಕೆಲವರಿಗೆ ಭ್ರಮೆ. ಹಸಿವು ನೀಗಲು ತಿಂದ ರೊಟ್ಟಿಯೇ ತಮ್ಮನ್ನು ಕೊಲ್ಲುತ್ತಿದೆ ಎಂಬುದು ಆ ಬಡವರಿಗೆ ಗೊತ್ತಿರಲಿಲ್ಲ. ‘ಸಂತ ಅಂತೋನಿಯ ಬೆಂಕಿ’ ಎಂದು ಹೆಸರಿಟ್ಟುಕೊಂಡು ಮಠದ ಬಾಗಿಲಿಗೆ ಬಂದರು. ಸನ್ಯಾಸಿಗಳು ಒಳ್ಳೆಯ ರೊಟ್ಟಿ ಕೊಟ್ಟರು, ದ್ರಾಕ್ಷಾರಸ ಕೊಟ್ಟರು, ಮುಲಾಮು ಹಚ್ಚಿದರು, ಕೊಳೆತ ಅಂಗವನ್ನು ಕತ್ತರಿಸಿದರು. ಜೊತೆಗೆ ಈ ಚಿತ್ರದ ಮುಂದೆ ತಂದು ಕೂರಿಸಿದರು.

ಏನಿದೆ ಅದರಲ್ಲಿ? ಬಾಗಿಲಿನಂತೆ ಮುಚ್ಚಿ ತೆರೆಯುವ ಹಲಗೆಗಳ ಮೇಲೆ ಬರೆದ ಚಿತ್ರಗಳು ಅವು. ಬಾಗಿಲು ಮುಚ್ಚಿದಾಗ ಕಾಣುವುದು ಶಿಲುಬೆ. ನಾವು ಕ್ಯಾಲೆಂಡರಿನಲ್ಲಿ ನೋಡುವ ಬಿಳುಪು ಮೈಯ, ನೀಟಾಗಿ ತಲೆ ವಾಲಿಸಿದ ಯೇಸು ಅಲ್ಲ. ಹಸಿರುಗಟ್ಟಿದ ಮೈ, ಮೈತುಂಬ ಮುಳ್ಳು ಮುರಿದುಕೊಂಡ ಹುಣ್ಣು, ನೋವಿಗೆ ಸೆಟೆದು ಆಕಾಶದ ಕಡೆ ಚಾಚಿಕೊಂಡ ಬೆರಳು. ಅಂಥ ಚರ್ಮ ಎಲ್ಲಿಯದು ಎಂದು ಆ ರೋಗಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ತನ್ನ ತೋಳನ್ನೇ ನೋಡಿಕೊಂಡರೆ ಸಾಕಿತ್ತು.

ಬಾಗಿಲು ತೆರೆದರೆ ಒಳಗೆ ಕ್ರಿಸ್ತನ ಜನನ. ದೇವದೂತರ ಗಾನ ಒಂದು ಕಡೆ. ಇನ್ನೊಂದು ಕಡೆ ತಾಯಿ, ಮಗು, ಮಗುವನ್ನು ಮೀಯಿಸುವ ತೊಟ್ಟಿ, ಅದರ ಪಕ್ಕದಲ್ಲಿ ಮಲಮೂತ್ರದ ಪಾತ್ರೆ! ಗ್ರೂನೆವಾಲ್ಡನಿಗೆ ನಾಚಿಕೆ ಇರಲಿಲ್ಲ. ಮಗು ಎಂದ ಮೇಲೆ ಅದೂ ಇರಬೇಕಲ್ಲ? ಮಗುವಿನ ಕೆಳಗೆ ಹಾಸಿದ್ದು ಹರಿದ ಬಟ್ಟೆ. ಶಿಲುಬೆಯ ಮೇಲೆ ಆತನ ಸೊಂಟಕ್ಕೆ ಸುತ್ತಿದ್ದೂ ಅಂಥದೇ ಚಿಂದಿ. ಅದೇ ಸಾಲಿನ ಕೊನೆಯಲ್ಲಿ ಪುನರುತ್ಥಾನ. ಸೂರ್ಯಮಂಡಲದಂಥ ಬೆಳಕಿನೊಳಗೆ ಎದ್ದು ಬರುತ್ತಿರುವ ಯೇಸು, ಕೆಳಗೆ ಉರುಳಿ ಬಿದ್ದ ಕಾವಲುಗಾರರು. ಮೈಯ ಹುಣ್ಣು ಒಂದೂ ಉಳಿದಿಲ್ಲ. ಮೊಳೆಯ ಗಾಯ ಮಾತ್ರ ಉಳಿದಿದೆ, ಹೊಳೆಯುತ್ತಿದೆ.

ಇನ್ನೂ ಒಳಗಿನ ಬಾಗಿಲು ತೆರೆದರೆ ದೆವ್ವಗಳು ಸಂತ ಅಂತೋನಿಯನ್ನು ಎಳೆದಾಡುತ್ತಿವೆ. ಅಲ್ಲೇ ಕೆಳಗೆ, ಹೊಟ್ಟೆ ಊದಿ ಮೈಯೆಲ್ಲ ಹುಣ್ಣಾದ ಒಂದು ಆಕೃತಿ ಬಿದ್ದುಕೊಂಡಿದೆ. ಮೂಲೆಯಲ್ಲಿ ಒಂದು ಕಾಗದದ ಚೂರು. ಅದರ ಮೇಲೆ ಲ್ಯಾಟಿನ್ನಿನಲ್ಲಿ ಬರೆದಿದೆ: ಎಲ್ಲಿದ್ದೆ, ಒಳ್ಳೆಯ ಯೇಸುವೇ, ಎಲ್ಲಿದ್ದೆ? ನನ್ನ ಗಾಯ ವಾಸಿಮಾಡಲು ಯಾಕೆ ಬರಲಿಲ್ಲ?

ರೋಗಿಯ ದೂರನ್ನು ಚರ್ಚು ತನ್ನ ಬಲಿಪೀಠದಲ್ಲೇ ಬರೆಸಿಟ್ಟುಕೊಂಡಿತ್ತು. ಈ ದೂರಿಗೆ ಕ್ರೈಸ್ತಧರ್ಮ ಕೊಡುವ ಉತ್ತರದಲ್ಲಿ ಎರಡು ತುದಿಗಳಿವೆ. ಒಂದನ್ನು ಬಿಟ್ಟರೂ ಸಾಂತ್ವನ ನಿಲ್ಲುವುದಿಲ್ಲ ಎಂಬುದಷ್ಟೇ ನಾನು ಇವತ್ತು ಹೇಳಬೇಕೆಂದಿರುವುದು.

ಮೊದಲ ತುದಿ ಸುಲಭವಾಗಿ ಮನಸ್ಸಿಗೆ ಹತ್ತುತ್ತದೆ. ನಮ್ಮ ನೋವು ಬಲ್ಲ ದೇವರು. ಹಿಟ್ಲರನ ಸೆರೆಮನೆಯಲ್ಲಿದ್ದ ಜರ್ಮನ್ ಪಾದ್ರಿ ಡೀಟ್ರಿಚ್ ಬೊನ್‌ಹೋಫರ್ 1944ರ ಜುಲೈನಲ್ಲಿ ಬರೆದ ಪತ್ರದಲ್ಲಿ, ನರಳುವ ದೇವರು ಮಾತ್ರ ಸಹಾಯ ಮಾಡಬಲ್ಲ ಎಂದರು. ಮರುವರ್ಷದ ಏಪ್ರಿಲ್‌ನಲ್ಲಿ ಅವರನ್ನು ಗಲ್ಲಿಗೇರಿಸಿದರು. ಆ ಮಾತು ಅವರ ಬಾಯಲ್ಲಿ ತೂಕದ್ದು. ಆದರೆ ಚರ್ಚಿನ ಇತ್ತೀಚಿನ ಪ್ರವಚನಗಳಲ್ಲಿ ಇದೊಂದನ್ನೇ ಹಿಡಿದು ಎಳೆಯುವುದನ್ನು ಕೇಳಿದಾಗ ನನಗೆ ಇರುಸುಮುರುಸಾಗುತ್ತದೆ. ಬಾವಿಗೆ ಬಿದ್ದವನ ಜೊತೆ ಇನ್ನೊಬ್ಬನೂ ಬಿದ್ದು ಅತ್ತರೆ ಬಾವಿಯಲ್ಲಿ ಇಬ್ಬರಾದರು, ಅಷ್ಟೆ. ಇಸೆನ್‌ಹೈಮಿನ ಸನ್ಯಾಸಿಗಳು ಶಿಲುಬೆಯ ಚಿತ್ರವೊಂದನ್ನೇ ಬರೆಸಿ ಸುಮ್ಮನಾಗಲಿಲ್ಲ ಎಂಬುದನ್ನು ಗಮನಿಸಿ.

ಎರಡನೆಯ ತುದಿ, ನಮ್ಮನ್ನು ಮೇಲೆತ್ತಬಲ್ಲ ದೇವರು. ಅದಕ್ಕಾಗಿ ನಡೆದ ಜಗಳ ಹಳೆಯದು. ಕ್ರಿಸ್ತನು ಎಷ್ಟೇ ದೊಡ್ಡವನಾದರೂ ದೇವರು ಸೃಷ್ಟಿಸಿದವನೇ ಎಂದು ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ಹೇಳಿದ. 325ರಲ್ಲಿ ನಿಕೇಯದಲ್ಲಿ ಸೇರಿದ ಬಿಷಪ್ಪರ ಸಭೆ ಅದನ್ನು ತಳ್ಳಿಹಾಕಿತು. ಆಮೇಲೆ ಜೀವಮಾನವಿಡೀ ಈ ವಾದ ಮಾಡಿ, ಐದು ಬಾರಿ ಗಡೀಪಾರಾದ ಬಿಷಪ್ ಅಥನಾಸಿಯಸ್‌ನ ತರ್ಕ ಸರಳ: ಸೃಷ್ಟಿಯಾದವನು ಸೃಷ್ಟಿಯಾದ ನಮ್ಮನ್ನು ದೇವರಿಗೆ ಸೇರಿಸಲಾರ.

ನನಗೆ ಹೆಚ್ಚು ಪ್ರಿಯವಾದದ್ದು ಅದರ ನಂತರದ ಜಗಳ. ಲವೊದಿಕೀಯದ ಅಪೊಲಿನಾರಿಸ್ ಆರಿಯಸ್‌ನ ವಿರೋಧಿ, ಕ್ರಿಸ್ತನ ದೈವತ್ವದ ಪರವಾಗಿ ನಿಂತವನು. ಆ ಉತ್ಸಾಹದಲ್ಲೇ, ಕ್ರಿಸ್ತನಿಗೆ ಮನುಷ್ಯನ ದೇಹವಿತ್ತು, ಮನುಷ್ಯನ ಮನಸ್ಸು ಮಾತ್ರ ಇರಲಿಲ್ಲ, ಆ ಜಾಗದಲ್ಲಿ ದೇವರ ವಾಕ್ಯವೇ, ಎಂದರೆ ದೈವತ್ವವೇ, ಇತ್ತು ಎಂದುಬಿಟ್ಟ. ಕೇಳುವುದಕ್ಕೆ ಭಕ್ತಿಯ ಮಾತೇ. ನಾಜಿಯಾನ್ಜಸ್‌ನ ಗ್ರೆಗರಿ ಒಪ್ಪಲಿಲ್ಲ. ಕ್ಲೆದೋನಿಯಸ್ ಎಂಬ ಪಾದ್ರಿಗೆ ಬರೆದ ಪತ್ರದಲ್ಲಿ, ಕ್ರಿಸ್ತನು ತನ್ನದಾಗಿ ಮಾಡಿಕೊಳ್ಳದೆ ಬಿಟ್ಟದ್ದು ವಾಸಿಯಾಗದೆಯೇ ಉಳಿಯಿತು ಎಂದರು. ನಮ್ಮಲ್ಲಿ ಮೊದಲು ಕೆಟ್ಟದ್ದೇ ಮನಸ್ಸು. ಅದನ್ನೇ ಹೊರಗಿಟ್ಟರೆ ವಾಸಿಯಾಗುವುದು ಏನು?

ಯೇಸು ಸೆರೆಸಿಕ್ಕ ಗೆತ್ಸೇಮನೆ ತೋಟದ ರಾತ್ರಿಯನ್ನು ಇದರ ಪಕ್ಕದಲ್ಲಿಟ್ಟು ಓದಿ. ‘ನನ್ನ ಪ್ರಾಣವು ಸಾಯುವಷ್ಟು ದುಃಖಕ್ಕೆ ಒಳಗಾಗಿದೆ’ ಎನ್ನುತ್ತಾನೆ ಯೇಸು. ನೆಲಕ್ಕೆ ಬೀಳುತ್ತಾನೆ. ಈ ಸಂಕಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡುತ್ತಾನೆ. ಶಿಷ್ಯರಿಗೆ ಎಚ್ಚರವಾಗಿರಿ ಎಂದರೆ ಅವರು ನಿದ್ದೆಹೋಗುತ್ತಾರೆ. ಇದು ಮೈನೋವಲ್ಲ, ಇನ್ನೂ ಯಾರೂ ಆತನನ್ನು ಮುಟ್ಟಿಲ್ಲ. ಇದು ಬರಲಿರುವುದರ ಭಯ. ನಡುರಾತ್ರಿ ಎದೆ ಹಿಂಡಿ ಎದ್ದು ಕೂರುವ ಕ್ರೈಸ್ತನಿಗೆ, ಮನೋವೈದ್ಯರ ಮಾತ್ರೆ ನುಂಗುತ್ತಿರುವ ಕ್ರೈಸ್ತಳಿಗೆ, ‘ವಿಶ್ವಾಸ ಕಡಿಮೆಯಾದ್ದರಿಂದ ಹೀಗೆ’ ಎಂದು ಯಾರಾದರೂ ಹೇಳಿದರೆ, ಗ್ರೆಗರಿಯ ಪತ್ರ ಅವರ ಪರವಾಗಿ ವಾದಿಸುತ್ತದೆ.

451ರಲ್ಲಿ ಕಲ್ಕೆದೋನ್‌ನಲ್ಲಿ, ಎಂದರೆ ಈಗಿನ ಇಸ್ತಾಂಬುಲ್‌ನ ಒಂದು ಭಾಗದಲ್ಲಿ, ಬಿಷಪ್ಪರು ಸೇರಿ ಸೂತ್ರ ಬರೆದರು: ಪೂರ್ಣ ದೇವರು, ಪೂರ್ಣ ಮನುಷ್ಯ; ಎರಡೂ ಬೆರೆತುಹೋಗಿಲ್ಲ, ಬದಲಾಗಿಲ್ಲ, ಬೇರೆಯಾಗಿಲ್ಲ, ಅಗಲಿಲ್ಲ. ಹೇಗೆ ಎಂದು ಹೇಳಲಿಲ್ಲ. ಹೇಗಲ್ಲ ಎಂದಷ್ಟೇ ಹೇಳಿದರು. ಎಲ್ಲರೂ ಒಪ್ಪಲೂ ಇಲ್ಲ. ಈಜಿಪ್ಟಿನ ಕಾಪ್ಟಿಕ್, ಅರ್ಮೇನಿಯದ, ಸಿರಿಯದ ಪ್ರಾಚೀನ ಸಭೆಗಳು ಹೊರಗೆ ಉಳಿದವು. ಉಡುಪಿಯ ಹತ್ತಿರದ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರಲ್ಲ, ಅವರು ಸೇರಿದ್ದು ಆ ಪರಂಪರೆಗೆ. ಆದರೆ ಅವರ ತಕರಾರು ಕ್ರಿಸ್ತನ ಮನುಷ್ಯತ್ವ, ದೈವತ್ವಗಳ ಮೇಲೆ ಅಲ್ಲ, ಎರಡು ಸ್ವಭಾವ ಎಂದು ಎಣಿಸುವುದರ ಮೇಲೆ. ಆ ವಿಸ್ತಾರಕ್ಕೆ ಇವತ್ತು ಹೋಗುವುದಿಲ್ಲ.

ಸೂತ್ರಕ್ಕಿಂತ ಸುವಾರ್ತೆ ಚೆನ್ನಾಗಿ ಹೇಳುತ್ತದೆ. ಯೋಹಾನನ ಹನ್ನೊಂದನೆಯ ಅಧ್ಯಾಯ. ಬೇಥಾನ್ಯದ ಲಾಜರನಿಗೆ ಕಾಯಿಲೆ ಎಂದು ಹೇಳಿಕಳಿಸುತ್ತಾರೆ. ಯೇಸು ಹೊರಡದೆ ಎರಡು ದಿನ ಇದ್ದಲ್ಲೇ ಇರುತ್ತಾನೆ. ಬರುವಷ್ಟರಲ್ಲಿ ಲಾಜರ ಸಮಾಧಿಯಲ್ಲಿ ನಾಲ್ಕು ದಿನ ಕಳೆದಿದ್ದಾನೆ. ‘ಸ್ವಾಮೀ, ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಎನ್ನುತ್ತಾಳೆ ಅಕ್ಕ ಮಾರ್ಥ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಸೋದರಿ ಮರಿಯಳೂ ಅದೇ ಮಾತನ್ನು ಹೇಳುತ್ತಾಳೆ. ಆ ಕಾಗದದ ಚೂರಿನ ಪ್ರಶ್ನೆ ಇದೇ ಅಲ್ಲವೆ? ಯೇಸು ಆಗ ಉಪದೇಶ ಮಾಡಿ ಮುಗಿಸಬಹುದಿತ್ತು. ಇನ್ನು ಕೆಲವೇ ಕ್ಷಣದಲ್ಲಿ ಲಾಜರನನ್ನು ಎಬ್ಬಿಸಲಿದ್ದೇನೆ ಎಂದು ಆತನಿಗೆ ಗೊತ್ತು, ಆದ್ದರಿಂದ ಅಳುವುದಕ್ಕೆ ಕಾರಣವೇ ಇಲ್ಲ. ಆದರೂ ಕಣ್ಣೀರು ಬಿಡುತ್ತಾನೆ. ಆಮೇಲೆ ‘ಲಾಜರನೇ, ಹೊರಗೆ ಬಾ’ ಎಂದು ಕೂಗುತ್ತಾನೆ. ಅತ್ತದ್ದು ಮನುಷ್ಯ, ಕೂಗಿದ್ದು ದೇವರು ಎಂದು ಪಾಲು ಹಾಕಲು ಹೋಗಬೇಡಿ. ಅತ್ತವನೂ ಕೂಗಿದವನೂ ಒಬ್ಬನೇ.

ಇದು ಅವತಾರವೇ ಅಲ್ಲವೆ ಎಂದು ಇಲ್ಲಿರುವ ಹಿಂದೂ ಗೆಳೆಯರು ಕೇಳಬಹುದು. ಕೇಳಬೇಕಾದ ಪ್ರಶ್ನೆ. ಮದ್ರಾಸಿನ ವೆಂಗಲ್ ಚಕ್ಕರೈ ಅವರಂಥ ಕ್ರೈಸ್ತ ಚಿಂತಕರೇ ಯೇಸುವನ್ನು ಅವತಾರ ಎಂದು ಕರೆದರು. ದೇವರು ಅಳುವುದು ಕ್ರೈಸ್ತರ ಸೊತ್ತೇನೂ ಅಲ್ಲ. ಸೀತೆಯನ್ನು ಕಳೆದುಕೊಂಡ ರಾಮ ಮರಗಿಡಗಳನ್ನು ವಿಚಾರಿಸುತ್ತಾ ಅಲೆದದ್ದು ನಮಗೆಲ್ಲ ಗೊತ್ತು. ನನಗೆ ಕಾಣುವ ವ್ಯತ್ಯಾಸ ಕಥೆಯ ಮುಕ್ತಾಯದಲ್ಲಿದೆ. ಕೃಷ್ಣ ಕೆಲಸ ಮುಗಿಸಿ ನಿಜಧಾಮಕ್ಕೆ ಹೋಗುತ್ತಾನೆ. ಕ್ರೈಸ್ತರ ನಂಬಿಕೆಯಲ್ಲಿ ಕ್ರಿಸ್ತನು ತೊಟ್ಟ ಮನುಷ್ಯತ್ವವನ್ನು ಕಳಚಿಡಲೇ ಇಲ್ಲ. ಸಾವಿನಿಂದ ಎದ್ದು ಬಂದ ಮೇಲೂ ಶಿಷ್ಯ ತೋಮನಿಗೆ ತೋರಿಸಿದ್ದು ಗಾಯದ ಕೈಯನ್ನೇ. ಯಾವುದು ಮೇಲು ಎಂಬ ಚರ್ಚೆ ಇದಲ್ಲ. ಸಾಂತ್ವನ ಎಲ್ಲಿ ಕೂತಿದೆ ಎಂಬುದು ಬೇರೆ, ಅಷ್ಟೆ.

1563ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಒಂದು ಪ್ರಶ್ನೋತ್ತರಮಾಲೆ ಅಚ್ಚಾಯಿತು. ಬದುಕಿನಲ್ಲೂ ಸಾವಿನಲ್ಲೂ ನಿನಗಿರುವ ಒಂದೇ ಸಾಂತ್ವನ ಏನು ಎಂಬುದೇ ಅದರ ಮೊದಲ ಪ್ರಶ್ನೆ. ಉತ್ತರ: ನಾನು ನನ್ನವನಲ್ಲ, ನನ್ನ ದೇಹವೂ ಆತ್ಮವೂ ಯೇಸುಕ್ರಿಸ್ತನವು. ಅದು ಪ್ರಸಿದ್ಧ. ನಾಲ್ವತ್ತೊಂಬತ್ತನೆಯ ಪ್ರಶ್ನೆಯನ್ನು ಓದುವವರು ಕಡಿಮೆ. ಕ್ರಿಸ್ತನು ಪರಲೋಕಕ್ಕೆ ಏರಿಹೋದದ್ದರಿಂದ ನಮಗೇನು ಲಾಭ ಎಂದು ಅದು ಕೇಳುತ್ತದೆ. ಒಂದು ಲಾಭ, ನಮ್ಮ ಪರವಾಗಿ ತಂದೆಯ ಮುಂದೆ ಮಾತಾಡುವವನಿದ್ದಾನೆ. ಇನ್ನೊಂದು, ನಮ್ಮದೇ ರಕ್ತಮಾಂಸ ಈಗ ಪರಲೋಕದಲ್ಲಿ ಇದೆ. ನಮ್ಮನ್ನೂ ಅಲ್ಲಿಗೆ ಕರೆದುಕೊಳ್ಳುತ್ತಾನೆ ಎಂಬುದಕ್ಕೆ ಅದು ಈಡು.

ಬೈಬಲಿನಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ ನಾಲ್ಕನೆಯ ಅಧ್ಯಾಯವೂ ಇದನ್ನೇ ಹೇಳಿ, ಅದರಿಂದ ಒಂದು ವ್ಯಾವಹಾರಿಕ ತೀರ್ಮಾನ ತೆಗೆಯುತ್ತದೆ: ನಮ್ಮ ದೌರ್ಬಲ್ಯಕ್ಕೆ ಮರುಗದ ಮಹಾಯಾಜಕ ನಮಗಿರುವವನಲ್ಲ, ಆದ್ದರಿಂದ ಧೈರ್ಯವಾಗಿ ಹತ್ತಿರಕ್ಕೆ ಬನ್ನಿ. ಅನೇಕ ಕನ್ನಡ ಚರ್ಚುಗಳಲ್ಲಿ ಪ್ರಾರ್ಥನೆ ಕೊನೆಗೊಳ್ಳುವಾಗ ‘ನಮ್ಮ ಕರ್ತನಾದ ಯೇಸುಕ್ರಿಸ್ತನ ಮೂಲಕ’ ಎಂದು ಕೇಳಿಸುತ್ತದೆ. ಅದು ಪತ್ರದ ಕೊನೆಗೆ ಹಾಕುವ ರುಜುವಿನಂತೆ ಅಭ್ಯಾಸಬಲದಿಂದ ಬರುವ ಮಾತಲ್ಲ. ಧೈರ್ಯವಾಗಿ ಹತ್ತಿರಕ್ಕೆ ಬರುವವರು ಯಾರ ಭರವಸೆಯ ಮೇಲೆ ಬರುತ್ತಿದ್ದೇವೆಂದು ಹೇಳಿಕೊಳ್ಳುವ ಕ್ರಮ.

ಇಲ್ಲಿಗೆ ನನ್ನ ಮಾತು ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ, ಅವತಾರದ ಬಗ್ಗೆ ಜಗಳ ಮಾಡುವವರಿಗೆ ಮೊದಲ ಅವಕಾಶ.